ಎರಡೇ ಸುತ್ತು ಓಡು ಅಂದರು

ಮಾರ್ಚ್ 3, ಬೆಳಿಗ್ಗೆ

ಟ್ರ್ಯಾಕ್‌ನಿಂದ ಈಗ ಬಂದೆ. ಶೂ ಒದ್ದೆ, ಪೇಪರ್ ತುರುಕಿಟ್ಟಿದ್ದೀನಿ. ಹೊರದೇಶದ ಯೂನಿವರ್ಸಿಟಿಯಿಂದ ಒಬ್ಬರು ಮೇಡಂ ಬರ್ತಾರಂತೆ. ಶನಿವಾರದ ಸಾವಿರದೈನೂರು ಮೀಟರ್ ನೋಡಿ ಒಬ್ಬಳನ್ನ ಆರಿಸ್ತಾರೆ. ಓಟ, ಓದು ಎರಡೂ ಅಲ್ಲೇ.

"ಗಣಿತ ಓದಬಹುದಾ ಸರ್?" ಅಂದೆ.

"ಓಡೋಳಿಗೆ ಗಣಿತ ಯಾಕಮ್ಮಾ? ಸುತ್ತು ಎಣಿಸೋಕಾ?" ಅಂದರು ಕೋಚ್.

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಅದಕ್ಕೇ ಈಗ ಮೈಯೆಲ್ಲ ಉರೀತಿದೆ.

ಮಾರ್ಚ್ 5

ಕೋಚ್ ಪಕ್ಕಕ್ಕೆ ಕರೆದರು. ಬೆಣ್ಣೆಯಂಥ ದನಿ. ಟೋಪಿ ರೆಡಿ ಅಂತಲೇ ಅರ್ಥ.

"ನೀನು ಜೋರಾಗಿ ಎಳ್ಕೊಂಡು ಹೋಗು. ಎರಡು ಸುತ್ತಾದ ಮೇಲೆ ಕಾಲು ಹಿಡ್ಕೊಂಡು ಆಚೆ ಬಾ. ಅಧ್ಯಕ್ಷರ ಮಗಳು ನಿನ್ನ ಬೆನ್ನಿಗೇ ಇರ್ತಾಳೆ. ಒಳ್ಳೇ ಟೈಮ್ ಬರತ್ತೆ ಅವಳಿಗೆ."

ಕ್ಲಬ್ ಅಧ್ಯಕ್ಷರ ಮಗಳು ಅಂದರೆ ನಮ್ಮ ಜಿಂಕೆ. ಅಡ್ಡಹೆಸರು ನಾವಿಟ್ಟದ್ದು.

"ಮತ್ತೆ ನಾನು?"

"ಮುಂದಿನ ವರ್ಷ ನಿಂದೇ. ನಾನಿದ್ದೀನಲ್ಲ."

ನೀವಿರೋದೇ ಅಲ್ವಾ ಸರ್ ತೊಂದರೆ... ನಾಲಿಗೆ ತುದಿಗೆ ಬಂತು, ನುಂಗಿದೆ.

ಸಂಜೆ ಅಮ್ಮನ ಮುಂದೆ ಸಿಟ್ಟೆಲ್ಲ ಕಾರಿಕೊಂಡೆ. ಸ್ಕೂಲ್ ಯೂನಿಫಾರ್ಮ್ ಕಾಲರ್ ಹೊಲೀತಿದ್ದಳು.

"ಕೈಲಾಗದವರು ಮೈ ಪರಚ್ಕೊಂಡ ಹಾಗೆ ಇಲ್ಲಿ ಕೂಗಾಡಬೇಡ. ಓಡ್ತೀಯೋ ಇಲ್ವೋ?"

"ಓಡ್ತೀನಿ."

"ಪೂರ್ತಿನಾ?"

ಶೂ ಒರೆಸೋಕೆ ಕೂತೆ.

ಮಾರ್ಚ್ 8, ಶನಿವಾರ

ಆಚೆ ಬರಲಿಲ್ಲ!

ಎರಡು ಸುತ್ತು ಮುಗೀತು. ಕೋಚ್ ಗೆರೆ ಪಕ್ಕ ಕೂಗ್ತಿದ್ದರು— "ಕಾಲು! ಕಾಲು!" ಕಾಲು ಚೆನ್ನಾಗೇ ಇತ್ತು. ಓಡಿತು. ಕೊನೇ ತಿರುವಲ್ಲಿ ಜಿಂಕೆ ಪಕ್ಕಕ್ಕೇ ಬಂದಳು. ಭುಜಕ್ಕೆ ಭುಜ. ಎದೆಯಲ್ಲಿ ಬೆಂಕಿ. ಒಂದೇ ಹೆಜ್ಜೆ ಮುಂದೆ— ನಾನು.

ಉಸಿರು ತಿರುಗೋ ಮೊದಲೇ ಕೋಚ್ ಆ ಮೇಡಂ ಹತ್ತಿರ ಶುರು ಮಾಡಿದ್ದರು. "ಓಟವೇನೋ ಇದೆ, ಶಿಸ್ತಿಲ್ಲ. ಹೇಳಿದ ಮಾತು ಕೇಳೋಲ್ಲ."

ಮೇಡಂ ನನ್ನ ಕಡೆ ತಿರುಗಿದರು. "ಯಾವ ಮಾತು?"

"ಎರಡು ಸುತ್ತಿಗೆ ಕುಂಟಿ ಆಚೆ ಬಾ ಅಂದಿದ್ದರು. ಇವಳು ಗೆಲ್ಲಲಿ ಅಂತ."

ಕೋಚ್ ಮುಖ ಇಂಗು ತಿಂದ ಮಂಗ.

ಜಿಂಕೆ ಇನ್ನೂ ಏದುಸಿರು ಬಿಡ್ತಿದ್ದಳು. "ನನ್ನ ಕೇಳಿದ್ರಾ? ಸರ್, ನನ್ನನ್ನ ಯಾರಾದ್ರೂ ಕೇಳಿದ್ರಾ?" ಹರಿಹಾಯ್ದಳು. ನನಗಿಂತ ಜಾಸ್ತಿ ಸಿಟ್ಟು ಅವಳಿಗೆ. ಅವಳೂ ಇದರಲ್ಲಿ ಶಾಮೀಲು ಅಂತ ನಾನು ಅಂದುಕೊಂಡಿದ್ದೆ...

ನಾನು ಗಣಿತ ಅಂದಾಗ ಮೇಡಂ ನಗಲಿಲ್ಲ. "ನಿನ್ನನ್ನೇ ಆರಿಸಿದ್ದೀನಿ. ಆದರೆ ಪ್ರವೇಶ ಪರೀಕ್ಷೆ ಕಷ್ಟ. ಅದಕ್ಕೂ ಹೀಗೇ ಹಟ ಹಿಡಿ."

ಮಾರ್ಚ್ 29

ಕ್ಲಬ್ ಬಾಗಿಲು ನನಗೆ ಬಂದ್. ಅಶಿಸ್ತು ಅಂತೆ! ಬೆಳಿಗ್ಗೆ ರಸ್ತೆಯಲ್ಲೇ ಓಡ್ತೀನಿ. ನಾಯಿಗಳೇ ಈಗ ನನ್ನ ಕೋಚ್. ಜಿಂಕೆ ಜೊತೆಗೆ ಬರ್ತಾಳೆ, ಅಪ್ಪನಿಗೆ ಹೇಳದೆ. ಮಿಕ್ಕ ಹೊತ್ತೆಲ್ಲ ಲೆಕ್ಕ, ಲೆಕ್ಕ, ಲೆಕ್ಕ.

ಏಪ್ರಿಲ್ 20

ಪಾಸ್. ಸೀಟು ಸಿಕ್ತು. ಗಣಿತವೇ! ಅಮ್ಮ ಮುಖ ತೊಳೆಯೋಕೆ ಅಂತ ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ.

ಏಪ್ರಿಲ್ 22, ಸಂಜೆ

ಪತ್ರಿಕೆಯಲ್ಲಿ ಕೋಚ್ ಫೋಟೋ. ನನ್ನನ್ನ "ಕೈಯಾರೆ ಬೆಳೆಸಿದರಂತೆ". ಮಾನ ಮರ್ಯಾದೆ ಅನ್ನೋದು...

ಕೆಳಗೆ ಕಾರು ನಿಂತ ಸದ್ದು. ಅವರೇ. ಹೂಗುಚ್ಛ, ಕ್ಯಾಮೆರಾದವನು, ಎಲ್ಲ ದಂಡು. ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಾಳೆ.

"ಶಿಷ್ಯೆ ಜೊತೆ ಒಂದು ಫೋಟೋ ಅಷ್ಟೇ ಅಮ್ಮಾ."

"ಯಾರ ಶಿಷ್ಯೆ?"

ಅಮ್ಮನ ದನಿ ಇಷ್ಟು ಏರಿದ್ದು ಹುಟ್ಟಿದಾಗಿಂದ ಕೇಳಿಲ್ಲ. ಅವಳೊಬ್ಬಳೇ ಯಾಕೆ ಬೈಬೇಕು? ಏಳ್ತೀನಿ. ಮುಖಕ್ಕೇ ಕೇಳ್ತೀನಿ— ಕಾಲು ನಂದು, ಉಸಿರು ನಂದು, ಇದರಲ್ಲಿ ನಿಮ್ದೇನ್ರೀ ಅಂತ. ಪೆನ್ನು ಕೆಳಗಿಟ್ಟೆ.