ಕೇಳದೆ ಅಳಿಸುವ ಸಿಸ್ಟಂ

ಮಾರ್ಚ್ 4
ಇವತ್ತೂ ಅದೇ ಮೀಟಿಂಗ್, ಅದೇ ಜಗಳ. ನಮ್ಮ ಹಳೇ ಆಪರೇಟಿಂಗ್ ಸಿಸ್ಟಂ ಫೈಲ್ ಅಳಿಸುವ ಮುಂಚೆ "ಅಳಿಸಲೇ?" ಎಂದು ಒಂದು ಮಾತು ಕೇಳಬೇಕೋ ಬೇಡವೋ. ವರ್ಷಗಳಿಂದ ಜಗಿದದ್ದನ್ನೇ ಜಗಿಯುತ್ತಿದ್ದೇವೆ. ಹೊಸ ಡಿಸೈನರ್ ಹುಡುಗಿ ಬೇಕೆನ್ನುತ್ತಾಳೆ. ಅಣ್ಣ — ಇದನ್ನು ಬರೆದವರಲ್ಲಿ ಉಳಿದಿರುವವನು ಅವನೊಬ್ಬನೇ — ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ.

"ಕತ್ತರಿ ಬಟ್ಟೆ ಮುಟ್ಟೋ ಮುಂಚೆ 'ಕತ್ತರಿಸ್ಲಾ' ಅಂತ ಕೇಳತ್ತೇನಮ್ಮ?" ಎಂದ. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ.

"ಬೆರಳು ತಪ್ಪಿದ್ರೆ, ಸರ್?"

"ತಪ್ಪೋ ಬೆರಳು ಕೀಬೋರ್ಡ್ ಮುಟ್ಬಾರ್ದು."

ತಲೆನೋವು. ಮನೆಗೆ ಬಂದು ಅತ್ತಿಗೆಯ ಕಣ್ಣಿಗೆ ಡ್ರಾಪ್ಸ್ ಹಾಕಿದೆ. ಪೊರೆ ತೆಗೆಸಿಕೊಂಡಿದ್ದಾರೆ, ಸದ್ಯಕ್ಕೆ ಸ್ಕ್ರೀನ್ ನೋಡುವಂತಿಲ್ಲ. ಎರಡು ವರ್ಷ ಕೂತು ಮಾಡಿದ ಅನುವಾದ ಅಣ್ಣನ ಮಷೀನಿನಲ್ಲಿದೆ. ಕೊನೆಯ ಅಧ್ಯಾಯ ಬಾಕಿ. ಚಡಪಡಿಸುತ್ತಿದ್ದಾರೆ.

ಮಾರ್ಚ್ 11, ಸಂಜೆ
ಅಣ್ಣ ರೂಮಿಗೆ ಕರೆದು ಬಾಗಿಲು ಹಾಕಿದ. ಮುಖ ಬಿಳಿಚಿಕೊಂಡಿತ್ತು.

ಯಾವುದೋ ಹಳೇ ಫೋಲ್ಡರ್ ಅಳಿಸಲು ಹೋಗಿ... ಕಮಾಂಡ್ ಟೈಪ್ ಮಾಡುವಾಗ ಹೆಸರಿಗೂ ಅದಕ್ಕೆ ಅಂಟಿಕೊಂಡಿರಬೇಕಾದ ನಕ್ಷತ್ರ ಚಿಹ್ನೆಗೂ ನಡುವೆ ಒಂದು ಸ್ಪೇಸ್ ಬಿದ್ದಿದೆ. ನಕ್ಷತ್ರ ಒಂಟಿಯಾಗಿ ನಿಂತರೆ 'ಇಲ್ಲಿರುವುದೆಲ್ಲ' ಎಂದರ್ಥ. ಎಲ್ಲ ಹೋಯಿತು. ಅತ್ತಿಗೆಯ ಪುಸ್ತಕವೂ. ಬ್ಯಾಕಪ್ ಡಿಸ್ಕನ್ನೂ ಅಲ್ಲೇ ಸೇರಿಸಿಟ್ಟಿದ್ದ — ಅದೂ. ಸಿಸ್ಟಂ ತುಟಿ ಪಿಟಕ್ಕೆನ್ನಲಿಲ್ಲ. ಹಾಗೇ ಇರಲಿ ಎಂದು ಬರೆದವನು ಇವನೇ.

"ಅವಳಿಗೆ ಈಗ್ಲೇ ಹೇಳ್ಬೇಡ ಕಣೇ. ನೋಡೋಣ, ಏನಾದ್ರೂ ಸಿಗತ್ತೆ."

ಮಾರ್ಚ್ 12
ಸಿಕ್ಕಿದ್ದು ಒಂದಿಷ್ಟು ಚೂರು. ಅರ್ಧರ್ಧ ವಾಕ್ಯಗಳು. ಅಣ್ಣನ ಮೇಲೆ ಸಿಟ್ಟು ಬರಬೇಕಿತ್ತು. ಪಾಪ ಅನ್ನಿಸಿತು. ಹಾಗನ್ನಿಸಿದ್ದಕ್ಕೇ ಸಿಟ್ಟು ಬಂತು.

ಮಾರ್ಚ್ 19
ವೋಟಿಂಗ್. ಹುಡುಗಿ ಎದ್ದು ಕೇಳಿದಳು, "ಅನುಭವ ಇರೋರು ಯಾರೂ ಈ ತಪ್ಪು ಮಾಡಿಲ್ವಾ? ಒಬ್ರೂ?"

ಅಣ್ಣನ ವಿಷಯ ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಬದಲಾವಣೆ ಬೇಕೆನ್ನುವವರು ಕೈ ಎತ್ತಿ ಅಂದಾಗ ಅಣ್ಣ ಎತ್ತಿದ. ಕಾರಣ ಹೇಳಲಿಲ್ಲ. ಅವನ ಒಂದು ವೋಟಿನಿಂದ ಪಾಸಾಯಿತು. ಹಳೇ ಗೆಳೆಯರು ಅವನನ್ನು ಬಿಟ್ಟು ಕಾಫಿಗೆ ಹೋದರು.

ಅದೇ ದಿನ, ಊಟವಾದ ಮೇಲೆ
ಅತ್ತಿಗೆ ವೋಟಿನ ಸುದ್ದಿ ಕೇಳಿ ಕಪ್ಪು ಕನ್ನಡಕ ತೆಗೆದು ಅಣ್ಣನನ್ನೇ ನೋಡಿದರು.

"ಅಂತೂ ಬುದ್ಧಿ ಬಂತಲ್ಲ ನಿಮ್ಗೆ. ಎಷ್ಟು ಹೆದರ್ಕೊಂಡಿದ್ದೆ ಗೊತ್ತಾ? ಇನ್ನು ನನ್ನ ಪುಸ್ತಕಕ್ಕೆ ಏನೂ ಆಗಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಹೋಗು, ತೆಗೆದು ಶುರುವಿನಿಂದ ಓದು. ಕೇಳೋಕೆ ಕಣ್ಣೇನು ಬೇಡ್ವಲ್ಲ."

ನಾನು ಅಣ್ಣನ ಕಡೆ ನೋಡಿದೆ. ಅಣ್ಣ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡ. "ನೋಡು, ನಿನ್ನ ಪುಸ್ತಕ..." ಎಂದ. ಅತ್ತಿಗೆ ಇನ್ನೂ ನಗುತ್ತಲೇ ಇದ್ದರು.