ಇರುವೆಗಳಿಗೆ ತನಿ ಎರೆದದ್ದು

ಸ್ನೊಕ್ವಾಲ್ಮಿ
೨೩ ಆಗಸ್ಟ್ ೨೦೦೬

ಸಿದ್ದಮ್ಮಜ್ಜಿಗೆ ತೇಜಶ್ರೀಯ ನಮಸ್ಕಾರಗಳು.

ಕಾಗದ ತಡವಾಯಿತು, ಎಷ್ಟು ಬೇಕಾದರೂ ಬೈದುಕೋ. ಫೋನಿನಲ್ಲಿ ಹೇಳಿದರೆ ನಮ್ಮ ಯಜಮಾನರ ಕಿವಿಗೆ ಬೀಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮಂಡಿನೋವು ಹೇಗಿದೆ?

ಅನುಶ್ರೀಗೆ ನಾಲ್ಕು ತುಂಬಿತು. ಇನ್ನೂ ಒಂದು ಮಾತಿಲ್ಲ. ಎರಡು ಭಾಷೆ ಮಗುವಿಗೆ ಗೊಂದಲ, ಮನೆಯಲ್ಲಿ ಇಂಗ್ಲಿಷ್ ಒಂದೇ ಇರಲಿ ಎಂದು ಥೆರಪಿಸ್ಟ್ ಹೇಳಿದ್ದಾರೆ. ಅಂದಿನಿಂದ ನಾನು ಬಾಯಿ ತೆರೆದರೆ ಸಾಕು, “ಕನ್ನಡ ಬೇಡ ಕಣೇ, ಅವಳು ಕನ್‌ಫ್ಯೂಸ್ ಆಗ್ತಾಳೆ” ಎನ್ನುತ್ತಾರೆ ಯಜಮಾನರು. ನನ್ನ ಇಂಗ್ಲಿಷ್ ಅಂಗಡಿಗೆ ಸಾಕು, ಮಗುವನ್ನು ಮುದ್ದು ಮಾಡಲು ಸಾಲದು. ನಾನೂ ಮೂಕಿಯಾಗಿದ್ದೇನೆ ಅಜ್ಜಿ.

ಹುತ್ತಕ್ಕೆ ತನಿ ಎರೆ, ಮಾತು ಬರುತ್ತದೆ ಎಂದಿದ್ದೆಯಲ್ಲ. ಈ ದೇಶದಲ್ಲಿ ಹುತ್ತ ಎಲ್ಲಿ ಹುಡುಕಲಿ ಎಂದುಕೊಂಡಿದ್ದೆ. ಸಿಕ್ಕಿತು. ನಮ್ಮ ಮನೆಸಾಲಿನ ಹಿಂದೆ ಕಾಯ್ದಿಟ್ಟ ಬಯಲಿದೆ. ಕುರುಚಲು, ಜರೀಗಿಡ, ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳು. ಅಲ್ಲಿ ಒಂದು ಹೂವನ್ನೂ ಕೀಳುವಂತಿಲ್ಲ. ನಡುವೆ ಒಣಕಡ್ಡಿಗಳ ದೊಡ್ಡ ಗುಪ್ಪೆ. ಹಾವಿಲ್ಲ, ಬರೀ ಇರುವೆ ಎಂದು ಮೊದಲ ದಿನವೇ ಗೊತ್ತಾಯಿತು. ಆದರೂ ಪ್ರತಿ ಮಂಗಳವಾರ ಒಂದು ಲೋಟ ಹಾಲು ಎರೆದೆ. ಇನ್ನೇನು ಮಾಡಲಿ ಹೇಳು? ಮನೆಯಲ್ಲಿ ಕಿರುಚಾಡುವ ಅನು ಅಲ್ಲಿ ಕುಕ್ಕರಗಾಲಲ್ಲಿ ಕೂತು ಇರುವೆ ನೋಡುತ್ತ ಹೊತ್ತು ಹೋದದ್ದೇ ಮರೆಯುತ್ತಿದ್ದಳು.

ನಿನ್ನೆ ಬಯಲು ನೋಡಿಕೊಳ್ಳುವ ಹೆಂಗಸು ಬಂದಳು. ಬೈಯಲಿಲ್ಲ, ಅದೇ ಕಷ್ಟವಾಯಿತು. ಅಲ್ಲಿ ಒಂದು ಜಾತಿಯ ನೀಲಿ ಚಿಟ್ಟೆ ಇದೆಯಂತೆ, ಈ ಸುತ್ತಿನಲ್ಲಿ ಬೇರೆಲ್ಲೂ ಉಳಿದಿಲ್ಲವಂತೆ. ಅದರ ಮರಿಹುಳುಗಳನ್ನು ಕಾಯುವುದು ಈ ಇರುವೆಗಳೇ. ಗುಪ್ಪೆಯನ್ನು ಮೆಲ್ಲಗೆ ಸರಿಸಿ ತೋರಿಸಿದಳು. ಹಾಲು ಇಳಿದಲ್ಲೆಲ್ಲ ಬೂಸ್ಟು ಹಿಡಿದು ಇರುವೆಗಳು ರಾಶಿ ಸತ್ತಿದ್ದವು. ಇನ್ನು ಬೇಲಿ ಹಾಕುತ್ತಾರೆ, ನಾವು ಹೋಗುವಂತಿಲ್ಲ.

ಹರಕೆ ಹೊತ್ತು ಕೊಲೆ ಮಾಡಿದೆ. ಅದು ಮಗುವಿಗೆ ತಟ್ಟಿದರೆ ನಾನು ಬದುಕುವುದಿಲ್ಲ. ನಮ್ಮೂರ ನಾಗಪ್ಪನ ಮುಂದೆ ನಿಂತು ನನ್ನ ತಪ್ಪು ಒಪ್ಪಿಸು, ನಮ್ಮಿಬ್ಬರಿಗೂ ಆಶೀರ್ವಾದ ಮಾಡು.

ನಿನ್ನ ಮೊಮ್ಮಗಳು,
ತೇಜು

ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಬಯಲಿನಲ್ಲಿ ಕೇಳುವವರಿಲ್ಲವೆಂದು ನಾನು ಕನ್ನಡದಲ್ಲೇ ಬೇಡಿಕೊಳ್ಳುತ್ತಿದ್ದೆ. ನಿನ್ನೆ ಆ ಹೆಂಗಸು ಸತ್ತ ಇರುವೆಗಳನ್ನು ಅಂಗೈಯಲ್ಲಿ ಹಿಡಿದಾಗ ಅನು ಬಗ್ಗಿ ಅವುಗಳಿಗೆ ಹೇಳಿದಳು, “ಕುಡಿ ನಾಗಪ್ಪ, ಕುಡಿ.” ಅವಳ ಮೊದಲ ಮಾತು ಅಜ್ಜಿ. ಯಜಮಾನರಿಗೆ ಇನ್ನೂ ಹೇಳಿಲ್ಲ. ಹೇಳಿದರೆ, ಯಾವ ಭಾಷೆಯಲ್ಲಿ ಎಂದು ಮೊದಲು ಕೇಳುತ್ತಾರೆ.