ರವಿವಾರದ ದನಿ

ರೆಕ್ಸ್‌ಡೇಲ್, ಟೊರಾಂಟೊ
೧೭ ಫೆಬ್ರುವರಿ ೨೦೧೯, ರವಿವಾರ

ಪ್ರೀತಿಯ ಜಯಕ್ಕಾ,

ಹೇಗಿದ್ದೀ? ಮೊಣಕಾಲು ನೋವು ಹೇಗಿದೆ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಆ ನೋವು ನಿನಗೆ ನಿಜವಾಗಿ ಇದೆಯೋ ನಾನೇ ನಿನಗೆ ಅಂಟಿಸಿದ್ದೋ ಈಗ ನೆನಪಾಗುತ್ತಿಲ್ಲ. ಹೀಗೇಕೆ ಬರೆದೆ ಎಂಬುದು ಮುಂದೆ ತಿಳಿಯುತ್ತದೆ, ಸಿಟ್ಟು ಬಂದರೂ ಕೊನೆತನಕ ಓದು. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನಾದರೆ ಹರಿಯುವ ಮೊದಲು ಓದುವವಳು ನೀನು, ಚಿಕ್ಕಂದಿನಲ್ಲಿ ನನ್ನ ಕಾಗದಗಳನ್ನೂ ಓದಿಯೇ ಹರಿದವಳು. ಸಾಂಗ್ಲಿಯಿಂದ ೨೦೧೪ರಲ್ಲಿ 'ಬದುಕಿದ್ದೇನೆ' ಎಂದು ಒಂದೇ ಸಾಲು ಬರೆದು ಹಾಕಿದ್ದೆಯಲ್ಲ, ಆ ಕಾರ್ಡಿನ ಮೇಲಿದ್ದ, ನೀನು ನೋಡಿಕೊಳ್ಳುವ ಹುಡುಗಿಯರ ಹಾಸ್ಟೆಲ್ಲಿನ ವಿಳಾಸಕ್ಕೇ ಇದನ್ನು ಹಾಕುತ್ತಿದ್ದೇನೆ. ನಾನು ಆರಾಮ. ನಮ್ಮವರು ಟ್ರಕ್ಕು ತೆಗೆದುಕೊಂಡು ಕ್ಯಾಲ್ಗರಿ ಕಡೆ ಹೋಗಿ ಆರು ದಿನವಾಯಿತು. ಬೇಸ್‌ಮೆಂಟಿನ ಕಿಟಕಿಗೆ ಹಿಮ ಬಂದು ಕೂತು ಹಗಲಲ್ಲೂ ಲೈಟು ಹಾಕಬೇಕು. ಈ ಮನೆಯಲ್ಲಿ ನನ್ನ ಕನ್ನಡ ಕೇಳುವುದಕ್ಕೆ ಫ್ರಿಜ್ಜು ಒಂದಿದೆ, ಅದು ಆಗಾಗ ಗುರ್ ಎಂದು ಉತ್ತರವನ್ನೂ ಕೊಡುತ್ತದೆ.

ಸುತ್ತಿ ಬಳಸಿ ಹೇಳುವುದಿಲ್ಲ. ನಾಲ್ಕು ವರ್ಷದಿಂದ ಪ್ರತಿ ರವಿವಾರ ನಾನು ನೀನಾಗಿ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೇನೆ. ಬೇಕೆಂದು ಶುರು ಮಾಡಿದ್ದಲ್ಲ. ೨೦೧೫ರ ಫೆಬ್ರುವರಿಯಲ್ಲಿ ನೆಗಡಿಯಾಗಿ ನನ್ನ ಗಂಟಲು ಕಟ್ಟಿತ್ತು. ಧಾರವಾಡಕ್ಕೆ ಫೋನು ಹಚ್ಚಿ ಅವ್ವಾ ಅಂದೆ. ನಮ್ಮಿಬ್ಬರ ದನಿ ಮೊದಲಿನಿಂದಲೂ ಒಂದೇ, ನಿನ್ನದು ಸ್ವಲ್ಪ ಗಡಸು ಅಷ್ಟೇ. ಅವ್ವ 'ಜಯಾ, ನೀ ಏನ?' ಅಂದಳು. ನಾನು ಆಶಾ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳಿಗೆ ಅಳು ಬಂತು. ಗಂಡನ ಮನೆ ಬಿಟ್ಟು ಟ್ರಂಕು ಹಿಡಿದು ಬಂದ ನಿನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ 'ಬಂದ ದಾರಿ ಹಿಡಿ' ಎಂದವಳು, ಆಮೇಲೆ ಮನೆಯಲ್ಲಿ ಯಾರಿಗೂ ನಿನ್ನ ಹೆಸರು ಎತ್ತಗೊಡದವಳು, ಮಗುವಿನ ಹಾಗೆ ಅಳುತ್ತಿದ್ದಳು. ನಾನು 'ಹೂಂ ಅವ್ವಾ, ನಾನ' ಅಂದುಬಿಟ್ಟೆ. ಅಂದಿನಿಂದ ರವಿವಾರ ನಿನ್ನದು, ಬುಧವಾರ ನನ್ನದು. ಬುಧವಾರ ನನಗೆ ಸಿಗುವುದು 'ಊಟ ಆತೇನು? ಥಂಡಿ ಐತೇನು? ಇಡ್ತೀನವಾ, ಬಿಲ್ ಏರ್ತೈತಿ' ಎಂಬ ಎರಡು ನಿಮಿಷ. ರವಿವಾರ ನಿನಗೆ ನಲವತ್ತು ನಿಮಿಷ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ, ಹನ್ನೆರಡು ಸಾವಿರ ಕಿಲೋಮೀಟರು ದೂರ ಬಂದರೂ ನಾನು ನುಣ್ಣಗಾಗಲಿಲ್ಲ. 'ಆಶಾಗ ತನ್ನ ಸುದ್ದಿನ ಜಾಸ್ತಿ, ನಿನ್ನಂಗ ಕೂತು ಕೇಳಂಗಿಲ್ಲ ಆಕಿ' ಎಂದು ಅವ್ವ ನನ್ನ ಮುಂದೆಯೇ ನನ್ನನ್ನು ದೂರುತ್ತಾಳೆ. ನಾನು 'ಹೌದವ್ವಾ, ಆಕಿ ಮೊದಲಿಂದ ಹಂಗ' ಎಂದು ನಿನ್ನ ದನಿಯಲ್ಲಿ ಒಪ್ಪುತ್ತೇನೆ. ಫೋನಿಟ್ಟ ಮೇಲೆ ಚಹಾ ಮಾಡಿಕೊಂಡು ಕುಡಿಯುತ್ತೇನೆ.

ಇದು ಯಾರಿಗೂ ಗೊತ್ತಿರಲಿಲ್ಲ, ಜಪಾನಿನ ಮಿತ್ಸುಯೊ ಅಜ್ಜಿಗೆ ಹೇಳುವತನಕ. ನಾನು ಮಿಸಿಸಾಗದ ಒಂದು ಸೀನಿಯರ್ಸ್ ಹೋಮಿನಲ್ಲಿ ಮುದುಕರಿಗೆ ಸ್ನಾನ ಮಾಡಿಸಿ ಊಟ ಮಾಡಿಸುವ ಕೆಲಸಕ್ಕಿದ್ದೇನೆ. ಅಲ್ಲಿ ಎರಡನೆಯ ಮಹಡಿಯ ಕಿಟಕಿ ಪಕ್ಕದ ಕೋಣೆ ಅವರದು. ಎಂಬತ್ತಮೂರು ವಯಸ್ಸು, ಮುರುಕು ಇಂಗ್ಲಿಷು, ನನ್ನದೂ ಅಷ್ಟಕ್ಕಷ್ಟೇ, ಹಾಗಾಗಿ ಚೆನ್ನಾಗಿ ಹೊಂದಿಕೆಯಾಯಿತು. ಅವರು ಯಾರೆಂದು ಗೊತ್ತಾದದ್ದು ಲಿಫ್ಟು ರಿಪೇರಿಗೆ ಬಂದ ಒಬ್ಬ ಜಪಾನಿನವನಿಂದ. ನಲವತ್ತೈದರ ಗಂಡಸು. ಅಜ್ಜಿ ವ್ಯಾಂಕೂವರಿನ ಮಗನ ಜೊತೆ ಫೋನಿನಲ್ಲಿ ಏನೋ ಹೇಳುತ್ತಿದ್ದದ್ದು ಬಾಗಿಲಾಚೆಯಿಂದ ಕೇಳಿ ಟೊಪ್ಪಿಗೆ ತೆಗೆದು ನಿಂತುಬಿಟ್ಟ, ಕಣ್ಣಲ್ಲಿ ನೀರು. ಅವನು ಹುಡುಗನಾಗಿದ್ದಾಗ ಪ್ರತಿ ಶನಿವಾರ ಟಿವಿಯಲ್ಲಿ ಒಂದು ಕಾರ್ಟೂನು ಬರುತ್ತಿತ್ತಂತೆ. ನೂಡಲ್ಸ್ ಅಂಗಡಿಯವನ ಮಗ ಕೆಂತಾ, ಎಂಟು ವರ್ಷದವನು. ಆ ಹುಡುಗನ ದನಿ ಈ ಅಜ್ಜಿಯದು. ಒಂದು ಸಲ ಕೆಂತಾನ ಹಾಗೆ ಕರೆಯಿರಿ ಎಂದು ಅವನು ಕೈಮುಗಿದು ಬೇಡಿಕೊಂಡ. ಅಜ್ಜಿ ತಲೆ ಬಾಗಿಸಿ, ಆ ಹುಡುಗ ಈಗ ಇನ್ನೊಬ್ಬರ ಹತ್ತಿರ ಇದ್ದಾನೆ, ನಾನು ಮಾಡಬಾರದು ಅಂದರು.

ಆಮೇಲೆ ಸ್ನಾನಕ್ಕೆ ಕರೆದೊಯ್ಯುವಾಗಲೆಲ್ಲ ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ರೇಡಿಯೊಗೆ ಸೇರಿದ್ದು. ಮೊದಲು ಕೊಟ್ಟದ್ದು ಕೂಸಿನ ಅಳು, ಕೋಳಿಯ ಕೂಗು, ಬಾವಿಕಟ್ಟೆಯಲ್ಲಿ ಜಗಳಾಡುವ ಹೆಂಗಸರು. ಆಮೇಲೆ ಪರದೇಶದ ಸಿನಿಮಾಗಳ ರಾಣಿಯರಿಗೆ ಜಪಾನಿ ಮಾತು ಕೊಟ್ಟದ್ದು. ಕೆಂತಾ ಸಿಕ್ಕಿದ್ದು ಮೂವತ್ತಾರರಲ್ಲಿ, ಬಿಟ್ಟದ್ದು ಎಪ್ಪತ್ತೊಂದರಲ್ಲಿ. ಮೂವತ್ತೈದು ವರ್ಷ ಎಂಟೇ ವರ್ಷದ ಹುಡುಗ, ಲೆಕ್ಕ ಹಾಕು. ರೆಕಾರ್ಡಿಂಗ್ ಕೋಣೆಯಲ್ಲಿ ಹತ್ತು ಜನಕ್ಕೆ ನಾಲ್ಕು ಮೈಕಂತೆ, ಮಾತು ಮುಗಿದವರು ಹಿಂದೆ ಸರಿಯಬೇಕು, ಮುಂದಿನವರು ಸದ್ದಿಲ್ಲದೆ ಬಂದು ನಿಲ್ಲಬೇಕು. ಸರಸರ ಎನ್ನುವ ಬಟ್ಟೆ ಹಾಕಬಾರದು, ಹಾಳೆ ತಿರುವಿದ್ದು ಕೇಳಬಾರದು, ಹೊಟ್ಟೆ ಗುರುಗುಟ್ಟಬಾರದೆಂದು ಮೊದಲೇ ಅನ್ನದ ಉಂಡೆ ತಿಂದು ಹೋಗಬೇಕು. ನನ್ನ ಬಳೆಯ ಸದ್ದು ಕೇಳಿದರೆ ಇವತ್ತಿಗೂ ಅವರು ಮುಖ ಕಿವುಚುತ್ತಾರೆ. ಅದನ್ನು ಕಲಿತು ರವಿವಾರ ನಾನು ಬಳೆ ಬಿಚ್ಚಿಟ್ಟೇ ಫೋನು ಮಾಡತೊಡಗಿದೆ, ಅವ್ವ ನನ್ನ ಬಳೆ ಗುರುತು ಹಿಡಿದರೆ ಎಂದು. ಚಿಕ್ಕ ಮಕ್ಕಳ ಮುಂದೆ ಅವರು ಎಂದೂ ಆ ದನಿ ತೆಗೆದವರಲ್ಲ, ಮುಖ ಕಂಡರೆ ಮಕ್ಕಳ ಪಾಲಿಗೆ ಕೆಂತಾ ಸಾಯುತ್ತಾನೆ ಎಂದು. ಗಂಡ ತೀರಿಕೊಂಡದ್ದು ಒಂದು ಗುರುವಾರ. ಶುಕ್ರವಾರ ಕೆಂತಾ ಓಟದಲ್ಲಿ ಗೆದ್ದು ನಗಬೇಕಿತ್ತು, ಹೋಗಿ ನಕ್ಕು ಬಂದರಂತೆ. ಮಗನಿಗೆ ಹದಿಮೂರಾಗಿ ದನಿ ಒಡೆದಾಗ, ಅವನು 'ಆ ಹುಡುಗನ ದನಿಯಲ್ಲಿ ನನ್ನ ಜೊತೆ ಮಾತಾಡಬೇಡ' ಎಂದನಂತೆ. ನನ್ನ ನಗೆಯೆಲ್ಲ ಕೆಂತಾನೇ ಉಂಡ, ಮನೆಗೆ ಬರುವಾಗ ತಳ ಹಿಡಿದದ್ದು ಮಾತ್ರ ಉಳಿದಿರುತ್ತಿತ್ತು ಎಂದು ಅಜ್ಜಿ ಅಂದರು. ಆ ದಿನ ಅವರ ಕೂದಲು ಬಾಚುತ್ತ ನನಗೆ ಬಹಳ ದುಃಖವಾಯಿತು.

ದನಿ ಮೇಲೆ ಏರುತ್ತಿಲ್ಲ ಎಂದು ಬೇರೆಯವರಿಗೆ ಗೊತ್ತಾಗುವ ಮೊದಲೇ ಅವರು ತಾವಾಗಿ ಹೇಳಿ ಕೆಲಸ ಬಿಟ್ಟರಂತೆ. ಬಿಡುವಾಗ ಮುಂದಿನವಳಿಗೆ ಒಂದು ನೋಟ್‌ಬುಕ್ಕು ಬರೆದುಕೊಟ್ಟರು. ಕೆಂತಾ ಸುಳ್ಳು ಹೇಳುವ ಮೊದಲು ಮೂಗು ಸೇದುತ್ತಾನೆ, ನಾಯಿಯ ಜೊತೆ ಮಾತ್ರ ಪಿಸುಮಾತು, ಇಂಥ ವರ್ಷ ಅವನಿಗೆ ದಡಾರ ಆಗಿತ್ತು. ನನ್ನ ಬಾಯಲ್ಲಿದ್ದಾಗ ಅವನಿಗೆ ಆದದ್ದೆಲ್ಲ ನಿನಗೆ ಗೊತ್ತಿರಲಿ ಎಂದು. ಅದನ್ನು ಕೇಳಿದ ದಿನ ನಾನು ತಡೆಯಲಾರದೆ ನಮ್ಮ ರವಿವಾರದ ಸುದ್ದಿ ಹೇಳಿಬಿಟ್ಟೆ. ಹೊಗಳುತ್ತಾರೆ ಅಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಅವರು ಕೇಳಿದ್ದು ಒಂದೇ: ಆ ದನಿಯವಳು ಬದುಕಿದ್ದಾಳೆಯೇ? ಬದುಕಿದ್ದಾಳೆ ಅಂದೆ. ಕೆಂತಾನಿಗೆ ಬೇರೆ ಬಾಯಿ ಇರಲಿಲ್ಲ, ಅವಳಿಗೆ ಇದೆ, ಹಾಗಾದರೆ ಅದು ಪಾತ್ರವಲ್ಲ ಅಂದರು. ಅಷ್ಟು ಹೇಳಿ ಟವೆಲ್ಲು ಕೇಳಿದರು. ಎರಡು ದಿನ ನನಗೆ ಅವರ ಮೇಲೆ ಸಿಟ್ಟಿತ್ತು.

ಈಗ ಬಿಡುವ ಕಾಲ ಬಂದಿದೆ. ಮಾರ್ಚ್ ಹನ್ನೆರಡಕ್ಕೆ ಅವ್ವನ ಕಣ್ಣಿನ ಪೊರೆ ತೆಗೆಸುತ್ತಾರೆ. ನಮ್ಮ ತಮ್ಮ ನಿಜಗುಣ ಮುಖ ಕಾಣುವ ಫೋನು ತಂದಿದ್ದಾನೆ. 'ಕಣ್ಣು ಬಂದ ಮ್ಯಾಲೆ ಮೊದಲ ನಿನ್ನ ಮಾರಿ ನೋಡ್ಬೇಕು ಜಯಾ' ಎಂದು ಇವತ್ತು ಬೆಳಿಗ್ಗೆ ಅವ್ವ ಅಂದಳು. ದನಿ ಕೊಡಬಲ್ಲೆ, ನಿನ್ನ ಮುಖ ಎಲ್ಲಿಂದ ತರಲಿ? ಆದ್ದರಿಂದ ಇದು ನನ್ನ ನೋಟ್‌ಬುಕ್ಕು. ಅವ್ವನ ಲೆಕ್ಕದಲ್ಲಿ ನೀನು ೨೦೧೬ರಲ್ಲಿ ಚಹಾ ಬಿಟ್ಟಿದ್ದೀ, ಮರೆತು ಕುಡಿಯುತ್ತ ಕೂರಬೇಡ. ಹಾಸ್ಟೆಲ್ಲಿನ ಹುಡುಗಿಯರಲ್ಲಿ ಒಬ್ಬಳು ಡಾಕ್ಟರಿಕೆಗೆ ಹೋಗಿದ್ದಾಳೆ, ಅವಳ ಹೆಸರು ಮಾಧುರಿ, ಅವ್ವ ವಿಚಾರಿಸುತ್ತಾಳೆ. ೨೦೧೭ರಲ್ಲಿ ನಿನಗೆ ಕಾಮಾಲೆ ಆಗಿತ್ತು. ಆ ರವಿವಾರ ನನಗೇ ಅಳು ಬಂದು ಮಾತು ಹೊರಡಲಿಲ್ಲ, ಕಾರಣ ಹೇಳಬೇಕಿತ್ತು, ಬಾಯಿಗೆ ಬಂದದ್ದು ಕಾಮಾಲೆ. ಅವ್ವ ಅಂದಿನಿಂದ ನಿನಗಾಗಿ ಸೋಮವಾರ ಒಪ್ಪತ್ತು ಮಾಡುತ್ತಾಳೆ, ದಯವಿಟ್ಟು ಬಿಡಿಸು. ಕಾಲೆಳೆದರೆ ಅವಳಿಗೆ ಖುಷಿ. ಅವಳು ಕೆಮ್ಮಿದಾಗ ಔಷಧದ ಮಾತು ತೆಗೆಯಬೇಡ, ಮುಗಿಯುವತನಕ ಸುಮ್ಮನಿರು. ಮಾರ್ಚ್ ಹದಿನೇಳರ ರವಿವಾರ ಅಲ್ಲಿಯ ಸಂಜೆ ಏಳಕ್ಕೆ ನಾನು ಫೋನು ಮಾಡುವುದಿಲ್ಲ, ನೀನು ಮಾಡು. ಅವ್ವ ಏಳಕ್ಕೆ ಹತ್ತು ನಿಮಿಷ ಮೊದಲೇ ಬಂದು ಕೂತಿರುತ್ತಾಳೆ. ಆಮೇಲೆ ನನಗೆ ಬುಧವಾರದ ಎರಡು ನಿಮಿಷ ಸಾಕು. ಸಾಕಾಗುವುದಿಲ್ಲ, ಆದರೂ ಸಾಕು.

ನಿನ್ನ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು. ನಾನು ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ, ಬೈಯುವುದಿದ್ದರೆ ಕೈ ತಲೆಯ ಮೇಲಿಟ್ಟೇ ಬೈ.

ನಿನ್ನ ತಂಗಿ,
ಆಶಾಲತಾ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಹೋದ ವರ್ಷ ಪಂಚಮಿಯ ಹೊತ್ತಿಗೆ ಒಂದು ರವಿವಾರ ಅವ್ವ ಅಂದಳು: 'ಜಯಾ, ಅವತ್ತ ನಿನ್ನ ಹೊಸ್ತಿಲದಾಗಿಂದ ಹೊಳ್ಳಿ ಕಳಿಸಿದ್ನೆಲ್ಲಾ, ತಪ್ಪ ಮಾಡಿದ್ನೆವಾ. ನನ್ನ ಕ್ಷಮಿಸ್ತೀಯೇನ?' ನಾನು 'ಆಗಿದ್ದು ಆಗಿಹೋತವ್ವಾ, ನಾ ಮರತೀನಿ' ಅಂದುಬಿಟ್ಟೆ. ಅಕ್ಕಾ, ಅದು ನಾನು ಕೊಡುವಂಥದಾಗಿರಲಿಲ್ಲ. ಟ್ರಂಕಿನ ಮೇಲೆ ಸಂಜೆತನಕ ಬಸ್‌ಸ್ಟ್ಯಾಂಡಿನಲ್ಲಿ ಕೂತವಳು ನೀನು. ನಿನಗೆ ಕ್ಷಮಿಸಲು ಆಗದಿದ್ದರೆ ಹಾಗೆಂದೇ ಅವಳಿಗೆ ಹೇಳು, ಆದರೆ ನೀನೇ ಹೇಳು. ಫೋನು ಎತ್ತಿದ ಕೂಡಲೇ ಅವ್ವ 'ಜಯಾ, ನೀ ಏನ?' ಎಂದು ಕೇಳುತ್ತಾಳೆ. ನಾಲ್ಕು ವರ್ಷ ಒಂದು ವಾರವೂ ಬಿಡದೆ ಹಾಗೇ ಕೇಳಿದ್ದಾಳೆ.